ಸ್ವಲ್ಪ ಹೊರಗೆ ಹೋಗಿರುವ ಕುದುರೆ

ಐಸ್ ಕಾರ್ಖಾನೆಯಿಂದ ಮೀನು ಮಾರುಕಟ್ಟೆಗೆ ಗಾಡಿ ಹೊಡೆಯುವವನನ್ನು ಬೀದಿಗೆ ಬೀದಿಯೇ ತಣ್ಣಪ್ಪ ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಯಾರಾದರೂ ಕೂಗಿದರೆ ಅವನು ಹಿಂದಕ್ಕೆ ತಿರುಗಿ, ಬೇರೆ ಯಾರು ಬರುತ್ತಿದ್ದಾರೆ ಎಂದು ನೋಡುತ್ತಿದ್ದ.

ಮರದ ಹೊಟ್ಟಿನಲ್ಲಿ ಹೂತು, ಮೇಲೆ ಒದ್ದೆ ಗೋಣಿ ಹೊದಿಸಿದ ಮಂಜುಗಡ್ಡೆಗಳನ್ನು ಬೆನ್ನ ಹಿಂದಿಟ್ಟುಕೊಂಡು ಹೊರಟನೆಂದರೆ ತಣ್ಣಪ್ಪನ ಮನಸ್ಸು ಗಾಡಿಯಿಂದ ಇಳಿದು ಎತ್ತಲೋ ಹೋಗಿಬಿಡುತ್ತಿತ್ತು. ಹಲಗೆಯ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಗೋಣಿಯ ಮೇಲೆ ಬಿಳಿ ಹಬೆ ಆಡುತ್ತಿತ್ತು, ಬೆಳಗಿನ ಬಿಸಿಲು ಆ ಹಬೆಯೊಳಗೆ ಸಿಕ್ಕಿ ಎಲ್ಲಿಗೆ ಬೀಳಬೇಕೆಂದು ತಿಳಿಯದೆ ನಿಲ್ಲುತ್ತಿತ್ತು. ಲಗಾಮು ಅವನ ಕೈಯಲ್ಲಿರುತ್ತಿತ್ತು, ಅಷ್ಟೆ. ದಾರಿ ಪ್ರಾಣಿಗೆ ಬಿಟ್ಟದ್ದು. ಕರಗಿ ಉಳಿದ ಗಡ್ಡೆಯ ಗಾತ್ರ ನೋಡಿ ಮಾರುಕಟ್ಟೆಯ ಹೆಂಗಸರು, "ಇವತ್ತು ತಣ್ಣಪ್ಪ ಬಹಳ ಯೋಚನೆ ಮಾಡಿದ ಹಾಗಿದೆ" ಎನ್ನುತ್ತಿದ್ದರು.

ಗಾಡಿ ಎಳೆಯುತ್ತಿದ್ದುದು ಒಂದು ಹೇಸರಗತ್ತೆ. ಇದು ಕಥೆ ಹೇಳುವವರು ಹೇಳಬಹುದಾದ ಮಾತು. ತಣ್ಣಪ್ಪನ ಎದುರು ಆಡುವಂತಿರಲಿಲ್ಲ. ಅವನ ಪಾಲಿಗೆ ಅದು ಕುದುರೆ. ಹೆಸರು ಬಿರುಗಾಳಿ. ಆ ಹೆಸರಿಗೆ ತಕ್ಕಂತೆ ಅದು ಒಮ್ಮೆಯೂ ನಡೆದುಕೊಂಡಿರಲಿಲ್ಲ ಎಂಬುದು ಅದರ ನಿಧಾನ ಸ್ವಭಾವವನ್ನು ತೋರಿಸುತ್ತದೆಯೇ ಹೊರತು ಹೆಸರಿನ ತಪ್ಪನ್ನಲ್ಲ. ಯಾರಾದರೂ ಅದರ ಕಿವಿಯ ಕಡೆ ಬೆರಳು ತೋರಿಸಿದರೆ ತಣ್ಣಪ್ಪ ಗಂಭೀರನಾಗಿ, ತಾಯಿ ಅಪ್ಪಟ ಕುದುರೆ, ತಂದೆಯ ವಿಷಯವನ್ನು ಯಾರ ಮನೆಯಲ್ಲೂ ಅಷ್ಟು ಕೆದಕಬಾರದು ಎಂದು ಹೇಳಿ ಮಾತು ಮುಗಿಸುತ್ತಿದ್ದ. ಹೆಂಡತಿ ಮಾತ್ರ ಮದುವೆಯಾದ ದಿನದಿಂದ, "ಅದು ಹೇಸರಗತ್ತೆ ಕಣ್ರೀ" ಎಂದು ಹೇಳುತ್ತಲೇ ಬಂದಿದ್ದಳು. ಇವನು ಒಪ್ಪುತ್ತಲೇ ಇರಲಿಲ್ಲ. ಅವರ ಸಂಸಾರದಲ್ಲಿ ಅದೊಂದೇ ಜಗಳವಾಗಿದ್ದರಿಂದ ಇಬ್ಬರೂ ಅದನ್ನು ಜೋಪಾನವಾಗಿ ಕಾಪಾಡಿಕೊಂಡಿದ್ದರು.

ಹೆಂಡತಿಯ ಅಣ್ಣ ಮೋಟಾರು ರಿಪೇರಿ ಶೆಡ್ಡಿನವನು. ಕೆಲಸವಿಲ್ಲದೆ ನಿಂತಿದ್ದ ಒಂದು ಹಳೆಯ ವ್ಯಾನು ಅವನ ಬಳಿ ಇತ್ತು. ಪ್ರಾಣಿಯನ್ನು ಕೊಟ್ಟುಬಿಟ್ಟು ಆ ವ್ಯಾನಿನಲ್ಲಿ ಐಸ್ ಸಾಗಿಸಬೇಕೆಂಬುದು ಅವನು ಬಂದಾಗಲೆಲ್ಲ ಕೊಡುತ್ತಿದ್ದ ಸಲಹೆ. ಒಂದು ದಿನ ಅವನು ಬಿರುಗಾಳಿಯನ್ನು ಬಾಲದಿಂದ ಮೂತಿಯವರೆಗೆ ನಿಧಾನವಾಗಿ ನೋಡಿ, "ಭಾವ, ಕುದುರೆ ಅಂದ್ರೆ ಮೈ ಹೊಳೀಬೇಕು. ಇದನ್ನ ನೋಡಿದ್ರೆ ಕಾಲೊರೆಸೋ ಚಾಪೆ ನೆನಪಾಗುತ್ತೆ" ಎಂದ.

ತಣ್ಣಪ್ಪ ನೇರವಾಗಿ ಕ್ಷೌರದಂಗಡಿಗೆ ಹೋಗಿ, ಗುಲಾಬಿ ಬಣ್ಣದ, ಗುಲಾಬಿ ವಾಸನೆಯ, ತಲೆಗೂ ಮುಖಕ್ಕೂ ಆಗುತ್ತದೆಂದು ಮೇಲೆ ಬರೆದಿದ್ದ ಒಂದು ಡಬ್ಬಿ ಕ್ರೀಮು ತಂದ. ಅಂದಿನಿಂದ ಸಂಜೆ ಗಾಡಿ ಬಿಚ್ಚಿದ ಮೇಲೆ ಲಾಯದ ಬಾಗಿಲು ಮುಚ್ಚುವುದು, ಬಿರುಗಾಳಿಯ ಕತ್ತು, ಭುಜ, ಪಕ್ಕೆಗಳಿಗೆ ಅದನ್ನು ತೀಡುವುದು. ಹೇಸರಗತ್ತೆಗೆ ಸಿಂಗಾರ ಮಾಡುತ್ತಾನೆ ಎನ್ನಿಸಿಕೊಳ್ಳಬಾರದೆಂದು ಡಬ್ಬಿಯನ್ನು ಹುರುಳಿ ಪೀಪಾಯಿಯೊಳಗೆ ಬಚ್ಚಿಡುತ್ತಿದ್ದ. ಬಿರುಗಾಳಿಯ ಮೈ ನಿಜವಾಗಿಯೂ ಹೊಳೆಯತೊಡಗಿತು. ಇಳಿಬಿಸಿಲಿನಲ್ಲಿ ಅರೆಗಣ್ಣು ಮಾಡಿ, ಕಿವಿಗಳನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ ಕುದುರೆಯೇ. ತಣ್ಣಪ್ಪ ಹಾಗೆಯೇ ನೋಡುತ್ತಿದ್ದ.

ಒಂದು ಸಂಜೆ ಕ್ರೀಮು ತೀಡಿ, ಒಳಗೆ ಹೋಗಿ ಟೀ ಕುಡಿದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಬಿರುಗಾಳಿಯ ಮೈತುಂಬ ಗಂಟು. ಕತ್ತಿನ ಮೇಲೆ ಕೋಟಿನ ಗುಂಡಿಯಷ್ಟು, ಭುಜದ ಮೇಲೆ ಬಿಸ್ಕತ್ತಿನಷ್ಟು, ಪಕ್ಕೆಯಲ್ಲಿ ಎರಡು ಮೂರು ಸೇರಿಕೊಂಡು ಒಂದು ಸಣ್ಣ ದ್ವೀಪವೇ ಎದ್ದಿತ್ತು. ಪ್ರಾಣಿ ಮಾತ್ರ ಹುಲ್ಲು ಮೆಲ್ಲುತ್ತ, ಇದು ಬೇರೆ ಯಾರದೋ ಮೈ ಎಂಬಂತೆ ನಿಂತಿತ್ತು.

ತಣ್ಣಪ್ಪ ಪಶು ಆಸ್ಪತ್ರೆಗೆ ಓಡಿದ. ಡಾಕ್ಟರು ಯಾರದೋ ಹಸುವಿನ ಹೆರಿಗೆಗೆ ಹೋಗಿದ್ದರು. ಕಿಟಕಿಯಲ್ಲಿ ಕುಳಿತವನಿಗೆ ಏದುಸಿರು ಬಿಡುತ್ತ, ನಮ್ಮ ಕುದುರೆಗೆ ಮೈತುಂಬ ಗಂಟೆದ್ದಿದೆ, ಹೇಗಾದರೂ ಕಳಿಸಿಕೊಡಿ ಎಂದು ಹೇಳಿ ಬಂದ. ಗಾಬರಿಯಲ್ಲೂ ಅವನ ಬಾಯಿಂದ ಕುದುರೆ ಎಂದೇ ಬಂತು ಎಂಬುದನ್ನು ಇಲ್ಲಿ ಗಮನಿಸಬೇಕು.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಬಂದರು. ಎತ್ತರದ ಹೆಂಗಸು, ಮೊಣಕಾಲವರೆಗೆ ರಬ್ಬರು ಬೂಟು, ಮಾತಿಗೆ ಮೊದಲು ಒಂದಿಷ್ಟು ಹೊತ್ತು ಸುಮ್ಮನಿರುವ ಅಭ್ಯಾಸ. ಅವರ ಹಿಂದೆ ಬೀದಿಯ ಅರ್ಧ ಜನ ಬಂದಿದ್ದರು. ಸುದ್ದಿ ತಿಳಿದು ಹೆಂಡತಿಯ ಅಣ್ಣ, ಅಂದರೆ ತಣ್ಣಪ್ಪನ ಭಾವನೂ ವ್ಯಾನಿನಲ್ಲೇ ಬಂದಿದ್ದ. ತಣ್ಣಪ್ಪ ಬಾಗಿಲು ತೆರೆದು ನೋಡುತ್ತಾನೆ, ಬಿರುಗಾಳಿಯ ಮೈ ಇಸ್ತ್ರಿ ಮಾಡಿದ ಹಾಗೆ ನುಣುಪಾಗಿದೆ. ನಿನ್ನೆ ಎದ್ದ ಗಂಟು ಒಂದೂ ಇಲ್ಲ.

ಡಾಕ್ಟರಮ್ಮ ಪ್ರಾಣಿಯನ್ನು ಸುತ್ತು ಹಾಕಿದರು. ಕೈಯಾಡಿಸಿ ನೋಡಿ, ಬೆನ್ನ ಮೇಲೆ ನೊಗಪಟ್ಟಿ ಕೂರುವ ಕಡೆ ಕಡಲೆಯಷ್ಟಿದ್ದ ಒಂದು ಗಟ್ಟಿ ಗಂಟನ್ನು ಬೆರಳಲ್ಲಿ ಹೊರಳಿಸಿದರು. ಯಾವಾಗಲೋ ನೊಣ ಕಚ್ಚಿ ಉಳಿದದ್ದು, ನೋವಿಲ್ಲ, ಹಿಸುಕಬೇಡಿ, ಪಟ್ಟಿ ಅದಕ್ಕೆ ಉಜ್ಜದ ಹಾಗೆ ಅಡಿಗೆ ಮೆತ್ತೆ ಇಡಿ ಎಂದರು. ಆಮೇಲೆ ಲಾಯದ ಮೂಲೆ ಮೂಲೆ ನೋಡಿ ಕೇಳಿದರು:

"ಕುದುರೆ ಎಲ್ಲಿ?"

ತಣ್ಣಪ್ಪ ಭಾವನ ಮುಖ ನೋಡಿದ. ಭಾವ ಆಗಲೇ ನಗಲು ತುಟಿ ಸಿದ್ಧಮಾಡಿಕೊಂಡಿದ್ದ. ಇದೇ ಮೇಡಂ ಎಂದರೆ ನಗು, ಕುದುರೆ ಇಲ್ಲ ಎಂದರೆ ಇನ್ನೂ ದೊಡ್ಡ ನಗು. ಎರಡೂ ಬಾಗಿಲು ಮುಚ್ಚಿದಾಗ ಮನುಷ್ಯ ಗೋಡೆಯನ್ನೇ ತಳ್ಳುತ್ತಾನೆ.

"ಕುದುರೆ... ಸ್ವಲ್ಪ ಹೊರಗೆ ಹೋಗಿದೆ."

ಡಾಕ್ಟರಮ್ಮ ಬಹಳ ಹೊತ್ತು ಸುಮ್ಮನಿದ್ದರು. "ಒಂದೇ ಹೋಗಿದೆಯಾ?"

"ಹೌದು ಮೇಡಂ. ಇನ್ನೇನು ಬರಬಹುದು."

ಗಂಟು ಎಂದರೆ ಹತ್ತು ಬಗೆ, ಕೆಲವು ಏನೂ ಮಾಡುವುದಿಲ್ಲ, ಕೆಲವು ಕೀವಾಗಿ ಒಡೆಯುತ್ತವೆ, ಕೆಲವು ಪ್ರಾಣಿಯಿಂದ ಪ್ರಾಣಿಗೆ ಹರಡುತ್ತವೆ, ಅಪರೂಪಕ್ಕೆ ಮನುಷ್ಯರಿಗೂ ಬರುತ್ತವೆ, ಮುಟ್ಟಿ ನೋಡದೆ ಏನೂ ಹೇಳಲಾಗದು ಎಂದು ಅವರು ಬಿಡಿಸಿ ಹೇಳಿದರು. ಅಂಥ ಪ್ರಾಣಿಯನ್ನು ತಿರುಗಾಡಲು ಬಿಟ್ಟದ್ದು ಸರಿಯಲ್ಲ. ಬಂದ ಕೂಡಲೇ ಬೇರೆ ಕಡೆ ಕಟ್ಟಿ ಹೇಳಿಕಳಿಸಬೇಕು. ಹೀಗೆಂದು ಬೂಟು ಸದ್ದು ಮಾಡುತ್ತ ಹೊರಟುಹೋದರು.

ಬೀದಿಯವರಿಗೆ ಮೊದಲು ಆಶ್ಚರ್ಯವಾಯಿತು. ತಣ್ಣಪ್ಪನಿಗೆ ಕುದುರೆ ಯಾವಾಗ ಬಂತು? ಆಮೇಲೆ ಎದುರು ಮನೆಯ ಅಜ್ಜಿ, ದಿನವಿಡೀ ಕಿಟಕಿಯಲ್ಲಿ ಕುಳಿತು ಬೀದಿಯನ್ನು ಕಾಯುವವಳು, ತನಗೆ ಮೊದಲೇ ಗೊತ್ತಿತ್ತು ಎಂದಳು. ಎಷ್ಟೋ ಸಲ ನೋಡಿದ್ದಾಳೆ. ಬೆಳ್ಳಗೆ, ಎತ್ತರಕ್ಕೆ, ನೀರಿನ ಟ್ಯಾಂಕಿನ ಕಡೆ ಹೋಗುತ್ತಿತ್ತು. ಅಜ್ಜಿಗೆ ಬೀದಿಯ ಆಚೆ ಬದಿ ಮಂಜಾಗಿ ಕಾಣುತ್ತದೆಂಬುದು ಎಲ್ಲರಿಗೂ ತಿಳಿದಿದ್ದರೂ, ಹಿರಿಯರ ಮಾತನ್ನು ತೆಗೆದುಹಾಕುವುದು ಹೇಗೆ? ಮೂಲೆಯ ದರ್ಜಿ ತಾನೂ ನೋಡಿದೆ, ಆದರೆ ಕಂದು ಬಣ್ಣ ಎಂದ. ಸಂಜೆಯವರೆಗೆ ಚರ್ಚೆ ನಡೆದು, ಕುದುರೆ ಬಿಳಿಯೇ, ಗಂಟುಗಳು ಮಾತ್ರ ಕಂದು ಎಂದು ತೀರ್ಮಾನವಾಯಿತು.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತಳು. ತಣ್ಣಪ್ಪ ಅವಳಿಗೆ ಸತ್ಯವನ್ನೇ ಹೇಳಿದ. ಕುದುರೆ ಗಿದುರೆ ಏನೂ ಇಲ್ಲ, ಬಿರುಗಾಳಿಯನ್ನೇ ಕುದುರೆ ಎಂದದ್ದು, ಅದು ಹೇಸರಗತ್ತೆಯೇ, ನೀನು ಹೇಳಿದ್ದೇ ಸರಿ.

"ಇಷ್ಟು ವರ್ಷ ಬಾಯಿ ಬಡ್ಕೊಂಡೆ, ಒಪ್ಪಲಿಲ್ಲ" ಎಂದಳು ಅವಳು. "ಇವತ್ತು ಕೇಳೋಕೆ ಮುಂಚೆ ಒಪ್ತಿದ್ದೀರಿ. ಅಂದ್ರೆ ಇನ್ನೊಂದು ಇರೋದು ಖಂಡಿತ."

"ಇಲ್ಲ ಕಣೇ."

"ಅಂಗಿ ತೋಳು ಮೂಸಿ ನೋಡಿ. ಹದಿನೈದು ದಿನದಿಂದ ಗುಲಾಬಿ ವಾಸನೆ. ಬಿರುಗಾಳಿಗೆ ಯಾರ್ರೀ ಸೆಂಟು ಹಚ್ತಾರೆ?"

ಇದಕ್ಕೆ ತಣ್ಣಪ್ಪನ ಬಳಿ ಉತ್ತರವಿತ್ತು. ಹೇಳುವ ಧೈರ್ಯವಿರಲಿಲ್ಲ. ಅವಳು ದಿಂಬು ತೆಗೆದುಕೊಂಡು ಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡಳು. ಇನ್ನೊಂದು ಹೆಣ್ಣಾಗಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು, ಕುದುರೆಯ ಹತ್ತಿರ ಏನು ಆಡಲಿ ಎಂದು ಒಳಗಿಂದ ಕೇಳಿಸಿತು.

ನಗರಸಭೆಯ ಆರೋಗ್ಯ ಇನ್‌ಸ್ಪೆಕ್ಟರು ಬಂದದ್ದು ಅದರ ಮರುದಿನ. ಮೆಲುದನಿಯ, ಹೊಸ ಷೂ ಹಾಕಿದ ಮನುಷ್ಯ. ಕುದುರೆಯೆಂದರೆ ಹುಟ್ಟಾ ಹೆದರಿಕೆ. ಆದ್ದರಿಂದಲೇ ಅದನ್ನು ಹುಡುಕುವ ವಿಷಯದಲ್ಲಿ ಬಹಳ ಶ್ರದ್ಧೆ. ಬೀದಿಯ ಕಸದ ತೊಟ್ಟಿಯ ಹಿಂದೆ ಕೂಡ ಇಣುಕಿ ನೋಡಿ ಬಂದು, ಕುದುರೆಯ ಗುರುತು ಹೇಳಬೇಕೆಂದು ಕೇಳಿದರು.

ತಣ್ಣಪ್ಪ ಇಲ್ಲ ಎನ್ನಬೇಕೆಂದೇ ಬಾಯಿ ತೆರೆದ. ಆದರೆ ಹೊರಗೆ ಇಳಿಬಿಸಿಲಿತ್ತು, ಲಾಯದಲ್ಲಿ ಧೂಳಿನ ಕಣಗಳು ಹೊಂಬಣ್ಣಕ್ಕೆ ತಿರುಗಿ ತೇಲುತ್ತಿದ್ದವು, ಮತ್ತು ಈವರೆಗೆ ಯಾರೂ ಅವನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ.

"ಬಿಳಿ ಸಾಹೇಬ್ರೆ" ಎಂದ. "ಸುಣ್ಣದ ಬಿಳಿ ಅಲ್ಲ. ಐಸ್ ಗಡ್ಡೆ ಒಳಗೆ ನೋಡಿದ್ರೆ ಕಾಣುತ್ತಲ್ಲ, ಆ ಬಿಳಿ. ನಡೆದ್ರೆ ಸದ್ದಾಗಲ್ಲ. ನಿಂತ್ರೆ ಅದರ ಸುತ್ತ ಸ್ವಲ್ಪ ತಂಪಾಗುತ್ತೆ."

ಇನ್‌ಸ್ಪೆಕ್ಟರು ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟರು. ಹೆದರಿಕೆಯನ್ನು ಮರೆತ ಮುಖದಲ್ಲಿ ಮೆಲ್ಲಗೆ, "ಕಿವಿ?" ಎಂದರು.

"ಚಿಕ್ಕದು" ಎಂದ ತಣ್ಣಪ್ಪ. ಬಿರುಗಾಳಿಯ ಕಡೆ ತಿರುಗಿ ನೋಡಲಿಲ್ಲ.

ಇಷ್ಟು ಸೊಗಸಾದ ಕುದುರೆ ರೋಗ ಹೊತ್ತುಕೊಂಡು ತಿರುಗುತ್ತಿದೆ ಎಂದ ಮೇಲೆ ಅಧಿಕಾರಿಯಾದವನು ಕೈಕಟ್ಟಿ ಕೂರುವಂತಿಲ್ಲ. ಕುದುರೆ ಸಿಗುವವರೆಗೆ ಅದರ ಜೊತೆಗಿದ್ದ ಹೇಸರಗತ್ತೆ ಲಾಯ ಬಿಟ್ಟು ಹೊರಡಕೂಡದು ಎಂದು ಆಜ್ಞೆಯಾಯಿತು. ಗಾಡಿ ನಿಂತಿತು. ಮೀನು ಮಾರುಕಟ್ಟೆಯಲ್ಲಿ ಬೆಳಗಾದರೆ ಗಲಾಟೆ. ಎರಡನೆಯ ದಿನದಿಂದ ಭಾವನ ವ್ಯಾನು ಐಸ್ ಹೊತ್ತು ಬೀದಿಯಲ್ಲಿ ಹೋಗಲು ಶುರುವಾಯಿತು. ಹೋಗುವಾಗ ಲಾಯದ ಮುಂದೆ ತಪ್ಪದೆ ಹಾರ್ನ್ ಹೊಡೆಯುತ್ತಿತ್ತು.

ಕೆಲಸವಿಲ್ಲದ ತಣ್ಣಪ್ಪ ಲಾಯದ ಹೊಸ್ತಿಲಲ್ಲಿ ಕುಳಿತಿರುತ್ತಿದ್ದ. ಯಾರಾದರೂ ಯಾವಾಗಲೂ ಒಳಗೆ ಇಣುಕುತ್ತಿದ್ದುದರಿಂದ ಕ್ರೀಮಿನ ಡಬ್ಬಿ ಪೀಪಾಯಿಯಿಂದ ಹೊರಬರಲಿಲ್ಲ. ಗಂಟುಗಳೂ ಮತ್ತೆ ಬರಲಿಲ್ಲ. ಅವು ನಿಜಕ್ಕೂ ಬಂದಿದ್ದವೇ ಎಂದು ಅವನಿಗೇ ಅನುಮಾನವಾಗತೊಡಗಿತು. ಬದಲಿಗೆ ಕುದುರೆ ಸ್ಪಷ್ಟವಾಗುತ್ತ ಹೋಯಿತು. ದಾರಿಹೋಕರು ನಿಂತು, ನಿನ್ನೆ ಸಂಜೆ ಗೋದಾಮಿನ ಗೋಡೆಯ ಪಕ್ಕ ಕಂಡಿತು, ಮೈ ಇಳಿದಿದೆ ಪಾಪ, ಎಂದು ಹೇಳಿ ಹೋಗುತ್ತಿದ್ದರು. ತಣ್ಣಪ್ಪ ಇಲ್ಲವೆನ್ನುವುದನ್ನು ಬಿಟ್ಟು, "ತಿಂದಿತ್ತಾ?" ಎಂದು ಕೇಳತೊಡಗಿದ. ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ಬೆಳ್ಳಗೆ ಏನೋ ಅಲುಗಿದರೆ ಅವನು ಎದ್ದು ನಿಲ್ಲುತ್ತಿದ್ದ. ಒಗೆದು ಹಾಕಿದ ಹೊದಿಕೆ ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದ. ಆಗೆಲ್ಲ ಬಿರುಗಾಳಿ ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಗದ್ದವಿಟ್ಟು, ತಾನೂ ಅತ್ತಲೇ ನೋಡುತ್ತ ನಿಲ್ಲುತ್ತಿತ್ತು.

ಕೊನೆಗೆ ಇನ್‌ಸ್ಪೆಕ್ಟರು ಮತ್ತೆ ಬಂದು, ಬೀದಿಯ ಹಿತಕ್ಕಾಗಿ ಹೇಸರಗತ್ತೆಯನ್ನು ಊರಾಚೆಯ ದೊಡ್ಡಿಗೆ ಸಾಗಿಸಬೇಕಾಗಿದೆ, ನಾಳೆ ಬೆಳಗ್ಗೆ ಲಾರಿ ಬರುತ್ತದೆ, ಡಾಕ್ಟರಮ್ಮನವರೂ ಬಂದು ನೋಡುತ್ತಾರೆ ಎಂದು ತಿಳಿಸಿದರು. ಯಾವಾಗ ವಾಪಸು ಎಂದು ತಣ್ಣಪ್ಪ ಕೇಳಿದ. ಕುದುರೆ ಸಿಕ್ಕ ಮೇಲೆ ಎಂದರು.

ಆಗ ತಣ್ಣಪ್ಪನಿಗೆ ಎಚ್ಚರವಾಯಿತು. ಕುದುರೆ ಎಂದೂ ಸಿಗುವುದಿಲ್ಲ ಎಂದು ಆ ಊರಿನಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಬೆಳಕು ಹರಿಯುತ್ತಲೇ ಅವನು ಲಾಯಕ್ಕೆ ಹೋದ. ಕಳಿಸಿಕೊಡುವುದಾದರೆ ಚೆನ್ನಾಗಿ ಕಾಣುವ ಹಾಗೆ ಕಳಿಸಬೇಕು. ದೊಡ್ಡಿಯವರು ಕಾಲೊರೆಸುವ ಚಾಪೆ ಬಂತು ಅನ್ನಬಾರದು. ಪೀಪಾಯಿಯಿಂದ ಡಬ್ಬಿ ತೆಗೆದ. ಉಳಿದಿದ್ದಷ್ಟನ್ನೂ ಬಳಿದು, ಕತ್ತು, ಭುಜ, ಪಕ್ಕೆ, ಈವರೆಗೆ ಮುಟ್ಟದಿದ್ದ ತೊಡೆಗೂ ನಿಧಾನವಾಗಿ ತೀಡಿದ. ಏನೇನೋ ಮಾತಾಡಿಸಿದ. ಬಿರುಗಾಳಿ ಒಂದೊಂದು ಮಾತಿಗೂ ಒಂದೊಂದು ಕಿವಿ ತಿರುಗಿಸಿತು.

ಲಾರಿ ಬಂದು ನಿಂತಾಗ ಬೀದಿಯೆಲ್ಲ ಮೆಟ್ಟಿಲ ಮೇಲಿತ್ತು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಭಾವ ವ್ಯಾನಿಗೆ ಒರಗಿದ್ದ. ತಣ್ಣಪ್ಪ ಹಗ್ಗ ಹಿಡಿದು ಪ್ರಾಣಿಯನ್ನು ಹೊರಗೆ ತಂದ. ಬಿಸಿಲು ಅದರ ಮೈಮೇಲೆ ಬಿತ್ತು. ಗುಲಾಬಿ ವಾಸನೆ ಬೀದಿಗೆ ಹರಡಿತು. ಅದರ ಹಿಂದೆಯೇ ಎಲ್ಲರಿಗೂ ಗಂಟುಗಳು ಕಂಡವು. ಕತ್ತಿನಿಂದ ತೊಡೆಯವರೆಗೆ, ಬೆರಳಿಡಲು ಜಾಗವಿಲ್ಲದಂತೆ.

ಇನ್‌ಸ್ಪೆಕ್ಟರು ಅಜ್ಜಿಯ ಹಿಂದೆ ಸರಿದರು. ಕುದುರೆ ರಾತ್ರಿ ಬಂದು ಹೋಗಿದೆ ಎಂದು ದರ್ಜಿ ಹೇಳಿದ. ಗೊರಸಿನ ಸದ್ದು ತನಗೆ ಕೇಳಿಸಿತು ಎಂದು ಇನ್ಯಾರೋ ಅಂದರು. ಮಕ್ಕಳನ್ನು ಒಳಗೆ ಕರೆದುಕೊಂಡರು. ಭಾವ ಹತ್ತಿರ ಬಂದು, ತಮಾಷೆಯ ದನಿ ಬಿಟ್ಟು, "ಹೋಗ್ಲಿ ಬಿಡು ಭಾವ. ವ್ಯಾನು ನೀನೇ ಓಡಿಸು" ಎಂದ. ಅವನಿಗೂ ನೋಡಲಾಗಿರಲಿಲ್ಲ.

ಡಾಕ್ಟರಮ್ಮ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಪ್ರಾಣಿಯ ಹತ್ತಿರ ಹೋದರು. ಮೂಗಿನ ಹೊಳ್ಳೆ ನೋಡಿದರು, ತುಟಿ, ಕಣ್ಣು ಊದಿಲ್ಲವೆಂದು ಖಚಿತಮಾಡಿಕೊಂಡರು, ಪಕ್ಕೆಗೆ ಕಿವಿಯಿಟ್ಟು ಉಸಿರು ಕೇಳಿದರು. ಆಮೇಲೆ ಒಂದು ಗಂಟಿನ ನಡುವೆ ಬೆರಳೂರಿ ತೆಗೆದರು. ಹಿಟ್ಟಿನ ಮೇಲೆ ಒತ್ತಿದ ಹಾಗೆ ಕುಳಿ ಹಾಗೆಯೇ ನಿಂತಿತು. ಮೃದು, ಕೀವಿಲ್ಲ, ಕಾವಿಲ್ಲ. ಎಲ್ಲವೂ ಒಟ್ಟಿಗೆ ಎದ್ದಂಥವು. ತಮ್ಮ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಇದಕ್ಕೆ ಏನು ಹಚ್ಚಿದ್ರಿ?"

ತಣ್ಣಪ್ಪ ಭಾವನ ಕಡೆ ನೋಡಲಿಲ್ಲ. ಲಾರಿಯ ತೆರೆದ ಬಾಗಿಲ ಕಡೆ ನೋಡಿದ. ಆಮೇಲೆ ಎರಡೂ ಕೈ ಎತ್ತಿ ಬಿರುಗಾಳಿಯ ಎರಡು ಕಿವಿಗಳನ್ನು ಮುಚ್ಚಿದ. ಅಂಗೈ ಸಾಲದೆ ಅವು ಮೇಲೆ ಒಂದು ಗೇಣು ಉಳಿದವು. ಅವನು ದನಿ ತಗ್ಗಿಸಿ ಹೇಳಿದ:

"ಇದು ಕುದುರೆ ಅಲ್ಲ ಮೇಡಂ. ಹೇಸರಗತ್ತೆ. ಕುದುರೆ ಹಾಗೆ ಕಾಣ್ಲಿ ಅಂತ ಮುಖಕ್ಕೆ ಹಚ್ಚೋ ಕ್ರೀಮು ಹಚ್ಚಿದೆ."

ನಗಬೇಕಾದವನು ಭಾವ, ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ಡಾಕ್ಟರಮ್ಮ ಡಬ್ಬಿ ತರಿಸಿದರು. ಗಂಟೇ ಇಲ್ಲದಿದ್ದ ಮುಂಗಾಲಿನ ಮೇಲ್ಭಾಗದಲ್ಲಿ ಚಿಟಿಕೆಯಷ್ಟು ಸವರಿ, ಕಾಯೋಣ ಎಂದರು. ಹೆಂಡತಿ ಎಲ್ಲರಿಗೂ ಟೀ ತಂದಳು. ಲೋಟ ಖಾಲಿಯಾಗುವ ಹೊತ್ತಿಗೆ ಅಲ್ಲೊಂದು ಗುಂಡಿಯಷ್ಟು ಗಂಟು, ಕರೆಗೆ ಓಗೊಟ್ಟ ಹಾಗೆ, ಮೆಲ್ಲನೆ ಎದ್ದು ಕುಳಿತಿತು. ನಮಗೆ ಪಿತ್ತಗಂಧೆ ಏಳುತ್ತದಲ್ಲ, ಅದೇ, ಇದಕ್ಕೆ ಗುಲಾಬಿ ಒಗ್ಗಿಲ್ಲ, ಮೊದಲ ಸಲ ಮಧ್ಯಾಹ್ನಕ್ಕೆ ಇಳಿದುಹೋಗಿದ್ದರಿಂದ ನನಗೂ ಕಾಣಲಿಲ್ಲ ಎಂದರು ಡಾಕ್ಟರಮ್ಮ. ಒಂದು ಇಂಜೆಕ್ಷನ್ ಕೊಟ್ಟರು. ಕ್ರೀಮಿನ ಅಂಶ ಉಳಿಯದ ಹಾಗೆ ತಣ್ಣೀರಲ್ಲಿ ಸೌಮ್ಯವಾದ ಸೋಪು ಹಾಕಿ ತೊಳೆಯಿರಿ, ಮೂತಿ ಊದಿದರೆ, ಉಸಿರು ಕಟ್ಟಿದರೆ ಮಾತ್ರ ತಕ್ಷಣ ಓಡಿಬನ್ನಿ ಎಂದರು. ಭಾವ ವ್ಯಾನಿನಿಂದ ಒಂದು ಗಡ್ಡೆ ಐಸ್ ಇಳಿಸಿ ತಾನೇ ಬಕೆಟ್ಟಿಗೆ ಒಡೆದು ಹಾಕಿದ. ಗಂಡ ಹೆಂಡತಿ ಆಚೆ ಈಚೆ ನಿಂತು ತೊಳೆದರು. ಪ್ರಾಣಿಯ ಬೆನ್ನಿನ ಮೇಲಿಂದ ಅವಳು, "ನನಗಾದ್ರೂ ಹೇಳಬಾರದಿತ್ತಾ" ಎಂದಳು. ಹೇಳಿದ್ದೆನಲ್ಲ ಎಂದ ಅವನು. ಕ್ರೀಮಿನ ವಿಷಯ, ಎಂದಳು ಅವಳು.

ಎಲ್ಲ ಮುಗಿಯಿತು ಎನ್ನುವಾಗ ಇನ್‌ಸ್ಪೆಕ್ಟರು ಅಜ್ಜಿಯ ಹಿಂದಿನಿಂದ ಹೊರಬಂದು ಕೆಮ್ಮಿದರು.

"ಹಾಗಾದ್ರೆ ಕುದುರೆ?"

"ಕುದುರೆ ಇಲ್ಲ ಸಾಹೇಬ್ರೆ."

"ಇಲ್ಲ ಅಂದ್ರೆ, ಎಲ್ಲಿಗೆ ಹೋಯ್ತು?"

ತಣ್ಣಪ್ಪ ಇನ್ನೊಮ್ಮೆ ವಿವರಿಸಿದ. ಯಾರೂ ಒಪ್ಪಲಿಲ್ಲ. ಹೇಸರಗತ್ತೆಯ ಸಂಗತಿ ಸರಿ, ಅದು ಬೇರೆ. ಕಣ್ಣಾರೆ ಕಂಡ ಕುದುರೆಯನ್ನು ಇಲ್ಲ ಎನ್ನುವುದು ಹೇಗೆ ಎಂದು ದರ್ಜಿ ಕೇಳಿದ. ಅಜ್ಜಿಗಂತೂ ಅವಮಾನವಾಯಿತು. ತನ್ನ ಕೈಯಿಂದಲೇ ಕಿಟಕಿಯಲ್ಲಿ ಬ್ರೆಡ್ ತಿಂದಿದೆ, ಈ ವಯಸ್ಸಿನಲ್ಲಿ ಸುಳ್ಳು ಹೇಳಿ ತನಗೇನು ಆಗಬೇಕು ಎಂದಳು. ಇನ್‌ಸ್ಪೆಕ್ಟರ ಮುಖ ಬಾಡಿತ್ತು. ಇಷ್ಟು ದಿನ ಹುಡುಕಿದ್ದು ಇಲ್ಲದ ಕುದುರೆಯನ್ನು ಎಂದು ಮೇಲಿನವರಿಗೆ ಹೇಳುವುದಕ್ಕಿಂತಲೂ, ಅಂಥದೊಂದು ಇಲ್ಲ ಎಂಬುದೇ ಅವರಿಗೆ ಹೆಚ್ಚು ನೋವು ತಂದ ಹಾಗಿತ್ತು.

ಡಾಕ್ಟರಮ್ಮ ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದರು. ಅವರ ಸುಮ್ಮನಿರುವಿಕೆ ಈ ಸಲ ಬಹಳ ಉದ್ದವಾಯಿತು.

"ಕುದುರೆ ಗಂಟೂ ಇದೇ ಜಾತಿ" ಎಂದರು. "ಅಂಟುರೋಗ ಅಲ್ಲ. ಇಷ್ಟು ಹೊತ್ತಿಗೆ ವಾಸಿಯಾಗಿರುತ್ತೆ. ಇನ್ನು ಹುಡುಕಬೇಡಿ."

ಬೀದಿ ಉಸಿರು ಬಿಟ್ಟಿತು. ಖಾಲಿ ಲಾರಿ ಹಿಂತಿರುಗಿತು. ಇನ್‌ಸ್ಪೆಕ್ಟರು ಹೋಗುವ ಮುನ್ನ ತಣ್ಣಪ್ಪನ ಕೈ ಹಿಡಿದು, ಒಳ್ಳೆಯ ಸುದ್ದಿ, ಬಹಳ ಒಳ್ಳೆಯ ಸುದ್ದಿ ಎಂದರು.

ಸಂಜೆಯ ಹೊತ್ತಿಗೆ ಬಿರುಗಾಳಿಯ ಮೈ ನುಣುಪಾಗಿ, ಎಂದಿನ ಮಸುಕು ಬಣ್ಣಕ್ಕೆ ಬಂದಿತ್ತು. ಗಂಡ ಹೆಂಡತಿ ಅದನ್ನು ನಾಲ್ಕು ಹೆಜ್ಜೆ ನಡೆಸಲೆಂದು ಬೀದಿಗೆ ಕರೆತಂದರು. ಅಜ್ಜಿ ಕಿಟಕಿಯಲ್ಲಿದ್ದಳು. ತಣ್ಣಪ್ಪನನ್ನು ಹತ್ತಿರ ಕರೆದಳು.

"ನಿನ್ನ ಕುದುರೆ ಇನ್ನು ಬರಲ್ಲವೇನಪ್ಪಾ?"

ಅವಳ ಕೈಯಲ್ಲಿ ಅಂಚು ಮುರಿದ ಒಂದು ತುಂಡು ಬ್ರೆಡ್ ಇತ್ತು. ತಣ್ಣಪ್ಪ ಅದನ್ನು ನೋಡಿದ.

"ಬರಲ್ಲ ಅಜ್ಜಿ. ವಾಸಿ ಆಯ್ತಲ್ಲ, ದೂರ ಹೋಯ್ತು. ಅಲ್ಲಿ ಹುಲ್ಲು ಚೆನ್ನಾಗಿದೆ."

"ಒಂದು ಮಾತು ಹೇಳಿ ಹೋಗಬಹುದಿತ್ತು."

"ಅವಸರದಲ್ಲಿತ್ತು ಅಜ್ಜಿ" ಎಂದ ತಣ್ಣಪ್ಪ. ಬೀದಿಯ ತುದಿಯಲ್ಲಿ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು, ಅಲ್ಲಿ ಏನೂ ಇರಲಿಲ್ಲ, ಮತ್ತು ಆ ಇಲ್ಲದಿರುವುದು ಇಷ್ಟು ಎತ್ತರವಾಗಿ, ಇಷ್ಟು ಬಿಳಿಯಾಗಿ ಕಾಣುತ್ತದೆಂದು ಅವನು ಎಣಿಸಿರಲಿಲ್ಲ. ಕಣ್ಣು ತುಂಬಿತು. ಹೆಂಡತಿ ಸೆರಗಿನ ತುದಿ ಮುಂದೆ ಚಾಚಿದಳು.

ಅಷ್ಟರಲ್ಲಿ ಬಿರುಗಾಳಿ ಅವರಿಬ್ಬರ ನಡುವಿನಿಂದ ಕತ್ತು ಚಾಚಿ, ಗುರುತಿನವರ ಮನೆಯಲ್ಲಿ ಕೈ ಹಾಕಿ ತೆಗೆದುಕೊಳ್ಳುವ ಹಾಗೆ, ಅಜ್ಜಿಯ ಬೆರಳುಗಳಿಂದ ಬ್ರೆಡ್ ತೆಗೆದುಕೊಂಡಿತು. ಅಜ್ಜಿ ಕಣ್ಣು ಕಿರಿದು ಮಾಡಿ ಅದನ್ನು ನೋಡಿದಳು. ಅದರ ಮೂತಿಯ ಮೇಲೆ ಕೈಯಿಟ್ಟಳು. ಅವಳ ಮುಖ ಅರಳಿತು.

"ಬಂದೇಬಿಡ್ತಲ್ಲಪ್ಪ" ಎಂದಳು.

ತಣ್ಣಪ್ಪ ತಿದ್ದಿ ಹೇಳಲೆಂದು ಬಾಯಿ ತೆರೆದ. ಹೆಂಡತಿ ಪಕ್ಕದಿಂದ ಮೆಲ್ಲಗೆ ಅವನ ಕಾಲು ತುಳಿದಳು.